ವಿಮಾನ ನಿಲ್ದಾಣದಲ್ಲಿ ಹಣೆ ನೋಡಿ ಬಿಟ್ಟರೆ ಸೋಂಕಿಲ್ಲ ಎಂದರ್ಥವೇ?

“ಏರ್‌ಪೋರ್ಟ್‌ನಲ್ಲೇ ಚೆಕ್ ಮಾಡಿ ಬಿಟ್ಟಿದ್ದಾರೆ, ಇನ್ನೇನು ಭಯ?” ಸಾಂಕ್ರಾಮಿಕ ಕಾಲದಲ್ಲಿ ಈ ಮಾತು ಬೇಗ ಫಾರ್ವರ್ಡ್ ಆಗುತ್ತದೆ. ಚಿತ್ರದುರ್ಗದ ಹಿರೇಗುಂಟನೂರಿನಂಥ ಊರಿಗೆ ವಿದೇಶದಿಂದ ಬರುವವರು ಸಾಮಾನ್ಯವಾಗಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದು, ಹೆದ್ದಾರಿಯಲ್ಲಿ 200 ಕಿ.ಮೀ.ಗೂ ಹೆಚ್ಚು ದಾರಿ ಸವೆಸಿ ಮನೆ ಸೇರುತ್ತಾರೆ. ಹಾಗಾಗಿ ಆ ತಪಾಸಣೆ ನಿಜಕ್ಕೂ ಏನನ್ನು ಹಿಡಿಯುತ್ತದೆ ಎಂದು ತಿಳಿದಿರುವುದು ಹಳ್ಳಿಯವರಿಗೂ ಬೇಕು.

ಮೊದಲು ಇನ್ನೊಂದು ಫಾರ್ವರ್ಡ್‌ನ ಲೆಕ್ಕ ಮುಗಿಸೋಣ. ಹಣೆಗೆ ಹಿಡಿಯುವ ಗನ್ ಮಿದುಳಿಗೆ ಕಿರಣ ಬಿಡುತ್ತದೆ ಎಂಬುದು ಸುಳ್ಳು. ನಮ್ಮ ಚರ್ಮದಿಂದ ಹೊರಡುವ ಶಾಖವನ್ನು ಅದು ಅಳೆಯುತ್ತದೆ, ಅಷ್ಟೇ. ಕೆಲವು ಗನ್‌ಗಳಲ್ಲಿ ಕಾಣುವ ಕೆಂಪು ಚುಕ್ಕೆ ಗುರಿ ತೋರಿಸಲು ಇರುವುದು. ಅದನ್ನು ಕಣ್ಣಿಗೆ ಹಿಡಿಯಬಾರದು, ಬೇರೆ ಭಯ ಬೇಡ.

ಗನ್‌ನ ನಿಜವಾದ ಮಿತಿ ಬೇರೆಯೇ ಇದೆ. ಅದು ನೋಡುವುದು ಜ್ವರವನ್ನು, ವೈರಾಣುವನ್ನಲ್ಲ. ಕೊರೊನಾ ತಗುಲಿದವರಲ್ಲಿ ಲಕ್ಷಣ ಕಾಣಲು 2ರಿಂದ 14 ದಿನ ಬೇಕಾಗಬಹುದಿತ್ತು. ಕೆಲವರಿಗೆ ಲಕ್ಷಣ ಕಾಣಲೇ ಇಲ್ಲ. ವಿಮಾನ ಹತ್ತುವ ಮೊದಲು ಪ್ಯಾರಾಸಿಟಮಾಲ್ ನುಂಗಿದವರ ಜ್ವರವೂ ಇಳಿದಿರುತ್ತದೆ. ಬಿಸಿಲಲ್ಲಿ ನಡೆದು ಬಂದ ಆರೋಗ್ಯವಂತರ ಹಣೆ ಮಾತ್ರ ಬಿಸಿಯಾಗಿರುತ್ತದೆ!

2003ರ ಸಾರ್ಸ್ ಸಮಯದಲ್ಲಿ ಕೆನಡಾದ ವಿಮಾನ ನಿಲ್ದಾಣಗಳಲ್ಲಿ ಸುಮಾರು 65 ಲಕ್ಷ ತಪಾಸಣೆ ನಡೆದರೂ ಒಬ್ಬ ಸಾರ್ಸ್ ರೋಗಿಯೂ ಸಿಗಲಿಲ್ಲ. ನಮ್ಮಲ್ಲೂ ಹಾಗೇ ಆಯಿತು. ಭಾರತದ ಮೊದಲ ಕೊರೊನಾ ಸಾವು 2020ರ ಮಾರ್ಚ್ 10ರಂದು ಸಂಭವಿಸಿತು. ಕಲಬುರಗಿಯ ಆ ಹಿರಿಯರು ಫೆಬ್ರವರಿ 29ರಂದು ಸೌದಿ ಅರೇಬಿಯಾದಿಂದ ಹೈದರಾಬಾದ್‌ಗೆ ಬಂದಿಳಿದಾಗ ಅವರಲ್ಲಿ ಲಕ್ಷಣವೇ ಇರಲಿಲ್ಲ.

ಹಾಗಾದರೆ ಮೂಗಿನ ದ್ರವದ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಬಿಟ್ಟರೆ? ಇದು ಗನ್‌ಗಿಂತ ಎಷ್ಟೋ ಮೇಲು, ಆದರೂ ಸಾಲದು. 2021ರ ನವೆಂಬರ್ 20ರಂದು ದಕ್ಷಿಣ ಆಫ್ರಿಕಾದ ಪ್ರಯಾಣಿಕರೊಬ್ಬರು ನೆಗೆಟಿವ್ ವರದಿ ಹಿಡಿದೇ ಬೆಂಗಳೂರಿಗೆ ಬಂದರು. ಇಲ್ಲಿನ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಅದು ಒಮಿಕ್ರಾನ್ ಎಂದು ವಂಶವಾಹಿ ಪರೀಕ್ಷೆಯಿಂದ ತಿಳಿದು, ಸರ್ಕಾರ ಪ್ರಕಟಿಸಿದ್ದು ಡಿಸೆಂಬರ್ 2ರಂದು. ಅಷ್ಟರಲ್ಲಿ ಅವರು ದುಬೈಗೆ ಹೋಗಿ ಐದು ದಿನವಾಗಿತ್ತು. ಅದೇ ದಿನ ಪ್ರಕಟವಾದ ಎರಡನೇ ಪ್ರಕರಣ ಬೆಂಗಳೂರಿನ ವೈದ್ಯರೊಬ್ಬರದು. ಅವರು ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಅಂದರೆ ನಾವು ಬಾಗಿಲಲ್ಲಿ ಹುಡುಕುತ್ತಿದ್ದಾಗ ವೈರಾಣು ಆಗಲೇ ನಡುಮನೆಯಲ್ಲಿತ್ತು.

ಇಷ್ಟಾದರೂ ನಿಲ್ದಾಣದ ತಪಾಸಣೆ ದಂಡ ಎನ್ನಲಾಗದು. ಕಾಯಿಲೆ ಎದ್ದು ಕಾಣುವವರನ್ನು ಅಲ್ಲೇ ಬೇರ್ಪಡಿಸಬಹುದು, ಹೊಸ ತಳಿ ಬಂದಿರುವ ಸುಳಿವು ಸಿಗುತ್ತದೆ, ಆಸ್ಪತ್ರೆಗಳಿಗೆ ಸಿದ್ಧವಾಗಲು ಒಂದಿಷ್ಟು ದಿನ ದೊರೆಯುತ್ತದೆ. ನಮ್ಮ ದೃಷ್ಟಿಯಲ್ಲಿ ಅಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪ್ರಯಾಣಿಕರು ತುಂಬಿಕೊಡುವ ಫಾರಂ. 2020ರಲ್ಲಿ ಕೈಮೇಲೆ ಕ್ವಾರಂಟೈನ್ ಮುದ್ರೆ ಹಾಕಿ ಕಳಿಸಿದ ಮೇಲೆ, ಊರಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದವರು ಆಶಾ ಕಾರ್ಯಕರ್ತೆಯರು. ಫಾರಂನಲ್ಲಿ ಫೋನ್ ನಂಬರ್ ತಪ್ಪಿದ್ದರೆ ಈ ಕೊಂಡಿ ಅಲ್ಲೇ ಕಡಿಯುತ್ತದೆ.

ಮತ್ತೆ ಅಂಥ ಕಾಲ ಬಂದು ನಿಮ್ಮ ಮನೆಗೆ ಯಾರಾದರೂ ವಿದೇಶದಿಂದ ಬಂದರೆ, ಅವರ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಸೋಂಕು ಪತ್ತೆಯಾದಾಗ ಆರೋಗ್ಯ ಇಲಾಖೆ ಮೊದಲು ಕೇಳುವ ವಿವರಗಳಲ್ಲಿ ಸೀಟ್ ನಂಬರ್ ಒಂದು. ಅಕ್ಕಪಕ್ಕ ಮತ್ತು ಹಿಂದುಮುಂದಿನ ಸಾಲುಗಳಲ್ಲಿ ಕುಳಿತವರನ್ನು ಹುಡುಕುವುದು ಅದರಿಂದಲೇ.