ಬರೆಯದಿರುವ ವಿವೇಕ

ವಿದ್ಯೆಯ ಮೊದಲ ಫಲವೆಂದರೆ ಬರೆಯಲು ಬರುವುದು. ಅದರ ಪಕ್ವಫಲವೆಂದರೆ ಯಾವುದನ್ನು ಬರೆಯಬಾರದೆಂದು ಅರಿಯುವುದು. ಹಿಂದಿನ ಕಾಲದ ಒಳ್ಳೆಯ ಕರಣಿಕನು ದಿನದ ಜಮಾಖರ್ಚನ್ನು ಒಂದು ಕಾಸೂ ಬಿಡದೆ ಕಿರ್ದಿಯಲ್ಲಿ ಬರೆಯುತ್ತಿದ್ದನು. ಆದರೆ ತಿಜೋರಿಯ ಬೀಗದಕೈ ಇರುವ ಎಡೆಯನ್ನು ಅದೇ ಕಿರ್ದಿಯ ಅಂಚಿನಲ್ಲಿ ಗುರುತು ಹಾಕಿಡುತ್ತಿರಲಿಲ್ಲ. ಗಣಕಯಂತ್ರದ ಈ ಯುಗವು ಇಷ್ಟು ಸರಳವಾದ ವಿವೇಕವನ್ನು ಮರೆಯುತ್ತಿರುವುದು ಶೋಚನೀಯ.

ಅಂತರಜಾಲದ ಮೂಲಕ ನಡೆಯುವ ಶುಲ್ಕಪಾವತಿ, ಪ್ರವೇಶದ ಅರ್ಜಿ, ದೇಣಿಗೆ ಮೊದಲಾದ ವ್ಯವಹಾರಗಳಿಗೆಲ್ಲ ತೆರೆಯ ಹಿಂದೆ ಒಂದು ಕಿರ್ದಿಯುಂಟು. ತಂತ್ರಜ್ಞರು ಅದನ್ನು ಲಾಗ್ ಎನ್ನುತ್ತಾರೆ. ಯಾವ ಗಳಿಗೆಯಲ್ಲಿ ಯಾವ ಕೋರಿಕೆ ಬಂದಿತು, ಎಲ್ಲಿ ದೋಷವುಂಟಾಯಿತು ಎಂಬುದು ಅಲ್ಲಿ ತಾನಾಗಿ ದಾಖಲಾಗುತ್ತದೆ. ದೋಷಪರಿಹಾರಕ್ಕೂ ಅಪರಾಧದ ಪತ್ತೆಗೂ ಅದು ಅನಿವಾರ್ಯ. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನವು ಇಂಥ ದಾಖಲೆಗಳನ್ನು 180 ದಿನಗಳ ಕಾಲ ಕಾಪಾಡಬೇಕೆಂದು ವಿಧಿಸಿತು. ಆದುದರಿಂದ ದಾಖಲೆಯೇ ಬೇಡವೆಂಬ ವಾದ ನಿಲ್ಲದು; ದಾಖಲೆಯಲ್ಲಿ ಏನಿರಬೇಕೆಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಕಡೆಗಣಿಸಿದ್ದಕ್ಕೆ ಬಲಾಢ್ಯ ಸಂಸ್ಥೆಗಳೇ ನಿದರ್ಶನ. ಟ್ವಿಟರ್ ಸಂಸ್ಥೆಯು ಬಳಕೆದಾರರ ಪಾಸ್‌ವರ್ಡುಗಳನ್ನು ಓದಲಾಗದ ರೂಪಕ್ಕೆ ತಿರುಗಿಸಿಯೇ ಇಡುತ್ತಿದ್ದಿತು. ಆದರೆ ಹಾಗೆ ತಿರುಗಿಸುವ ಮೊದಲೇ ಅವು ಒಳಗಿನ ಲಾಗಿನಲ್ಲಿ ಯಥಾವತ್ತಾಗಿ ಬರೆಯಲ್ಪಡುತ್ತಿದ್ದುವೆಂದು 2018ರ ಮೇ ತಿಂಗಳಲ್ಲಿ ಒಪ್ಪಿಕೊಂಡು, ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ 33 ಕೋಟಿ ಬಳಕೆದಾರರಿಗೆ ಸೂಚಿಸಿತು. 2019ರ ಮಾರ್ಚಿಯಲ್ಲಿ ಫೇಸ್‌ಬುಕ್ ಸಂಸ್ಥೆಯೂ ಕೋಟ್ಯಂತರ ಪಾಸ್‌ವರ್ಡುಗಳು ತನ್ನ ಒಳಕೋಠಿಗಳಲ್ಲಿ ಓದುವಂತೆಯೇ ಉಳಿದಿದ್ದುವೆಂದು ತಿಳಿಸಿತು. ಅದಕ್ಕಾಗಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗವು 2024ರ ಸೆಪ್ಟೆಂಬರಿನಲ್ಲಿ ಅದರ ಐರ್ಲೆಂಡಿನ ಅಂಗಸಂಸ್ಥೆಗೆ 9.1 ಕೋಟಿ ಯೂರೋ ದಂಡ ವಿಧಿಸಿತು. ದುರುಪಯೋಗದ ಕುರುಹಿಲ್ಲವೆಂದು ಎರಡು ಸಂಸ್ಥೆಗಳೂ ಹೇಳಿದುವು. ಇಲ್ಲಿ ಕನ್ನ ಕೊರೆದ ಕಳ್ಳನಿರಲಿಲ್ಲ. ಮಿತಿಯರಿಯದ ಬರವಣಿಗೆಯೇ ದೋಷವಾಗಿದ್ದಿತು.

ಪರದೆಯ ಮೇಲೆ ಮೂಡುವ ಸಂದೇಶಕ್ಕೂ ಇದೇ ಮಾತು ಸಲ್ಲುತ್ತದೆ. ‘ಈ ಹೆಸರಿನ ಸದಸ್ಯರಿಲ್ಲ’ ಎಂದೊಮ್ಮೆ, ‘ಪಾಸ್‌ವರ್ಡ್ ತಪ್ಪು’ ಎಂದೊಮ್ಮೆ ಉತ್ತರಿಸುವ ತಾಣವು ಯಾರು ಸದಸ್ಯರೆಂಬುದನ್ನು ಅಪರಿಚಿತನಿಗೆ ತಾನೇ ಹೇಳಿಕೊಟ್ಟಂತಾಯಿತು. ‘ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಎಂಬ ಒಂದೇ ಉತ್ತರ ಸಾಕು. ಯಂತ್ರ ಎಡವಿದಾಗ ದತ್ತಾಂಶಕೋಶದ ಒಳರಚನೆಯನ್ನೆಲ್ಲ ಹೊರಗೆ ಚೆಲ್ಲುವುದಕ್ಕಿಂತ, ಒಂದು ಉಲ್ಲೇಖ ಸಂಖ್ಯೆಯನ್ನು ಮಾತ್ರ ಬಳಕೆದಾರನಿಗೆ ಕೊಟ್ಟು ವಿವರವನ್ನು ಒಳಗಿರಿಸಿಕೊಳ್ಳುವುದು ಲೇಸು.

ಪೂರ್ಣ ವಿವರವಿಲ್ಲದೆ ದೋಷ ಹುಡುಕುವುದೆಂತು ಎಂದು ಕೆಲವರು ಕೇಳುವುದುಂಟು. ದೋಷ ಹುಡುಕಲು ಬೇಕಾದುದು ವ್ಯವಹಾರದ ಸಂಖ್ಯೆ, ವೇಳೆ, ವಿಫಲವಾದ ಹಂತ, ಪಾಸ್‌ವರ್ಡಾಗಲಿ ಒ.ಟಿ.ಪಿ.ಯಾಗಲಿ ಅಲ್ಲ. ನಿಷಿದ್ಧವಾದುವನ್ನು ಪಟ್ಟಿಮಾಡಹೊರಟರೆ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಬರೆಯಬಹುದಾದುವನ್ನೇ ಪಟ್ಟಿಮಾಡಿ ಉಳಿದುದೆಲ್ಲ ವರ್ಜ್ಯವೆನ್ನುವುದು ಕ್ಷೇಮ. ಖಾತೆಯ ಸಂಖ್ಯೆ ಬೇಕೇ ಬೇಕಾದರೆ ಕೊನೆಯ 4 ಅಂಕಿಗಳು ಸಾಕು. ಜಾಲವಿಳಾಸದ ಸಾಲು ಲಾಗಿನಲ್ಲಿ ಹಾಗೆಯೇ ಇಳಿಯುವುದರಿಂದ ಗುಟ್ಟಿನ ಸಂಕೇತಗಳನ್ನು ಅದರಲ್ಲಿ ಸೇರಿಸಲಾಗದು. ಕಡೆಗೊಂದು ಸುಲಭ ಪರೀಕ್ಷೆಯುಂಟು: ಪ್ರಯೋಗಕ್ಕಾಗಿ ಕಲ್ಪಿತ ಪಾಸ್‌ವರ್ಡೊಂದನ್ನು ಕೊಟ್ಟು, ಲಾಗುಗಳಲ್ಲೆಲ್ಲ ಅದನ್ನು ಹುಡುಕುವುದು. ಸಿಕ್ಕಿದರೆ ಮನೆ ಸೋರುತ್ತಿದೆಯೆಂದೇ ಅರ್ಥ.

ಮಗುವಿನ ಆಧಾರ್ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬುವ ತಂದೆತಾಯಿಗಳೂ, ಪ್ಯಾನ್ ಸಂಖ್ಯೆಯೊಡನೆ ದೇಣಿಗೆ ಕಳುಹಿಸುವ ದಾನಿಯೂ ವಿದ್ಯಾಸಂಸ್ಥೆಯ ಕೈಗೆ ಕೊಡುವುದು ಬರಿಯ ಅಂಕಿಗಳನ್ನಲ್ಲ, ನಂಬಿಕೆಯನ್ನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ರಕ್ಷಣೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ಹೇಳಿದೆ. ಆದರೆ ಕಳೆದ ನಂಬಿಕೆಯನ್ನು ಯಾವ ದಂಡವೂ ಮರಳಿ ತಾರದು. ಆದಕಾರಣ ತಂತ್ರಜ್ಞರಾಗಿ ಬೆಳೆದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನವನ್ನು ಓದಿದ ಶಾಲೆಯ ಲಾಗುಗಳ ಪರೀಕ್ಷೆಗೆ ಮೀಸಲಿಟ್ಟರೆ ಅದು ಕಟ್ಟಡದ ಕಾಣಿಕೆಗಿಂತ ಕಿರಿದಾಗದು. ದಾನಿಗಳು ತಮ್ಮ ವಿವರ ಎಲ್ಲೆಲ್ಲಿ ಬರೆಯಲ್ಪಡುತ್ತದೆಂದು ಕೇಳುವುದು ಸಂಶಯವಲ್ಲ, ಹಕ್ಕು. ಅಧ್ಯಾಪಕರಾದರೋ ಗಣಕವಿದ್ಯೆಯ ಮೊದಲ ಪಾಠದಲ್ಲೇ ಇದನ್ನು ಬೋಧಿಸಬೇಕು. ಲೇಖನಿ ಹಿಡಿದವನಿಗೆ ಬೇಕಾದ ಸಂಯಮವೇ ಯಂತ್ರಕ್ಕೆ ಬರೆಯಲು ಕಲಿಸುವವನಿಗೂ ಬೇಕು.