ಚಾಕಣದ ಕೋಟೆ, ಕುಬ್ಲಾಯಿಯ ಮೆಟ್ಟಿಲು

ಪುಣೆಯ ವಿಮಾನ ನಗರದಿಂದ ಉತ್ತರಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ಹೋದರೆ ಚಾಕಣ. ಇಂದು ಅದು ಕಾರು ಕಾರ್ಖಾನೆಗಳ ಊರು. ಅಲ್ಲಿನ ಕೋಟೆಯೆಂದರೆ ಪುಣೆಯವರಿಗೆ 1660ರಲ್ಲಿ ಮೊಘಲ ಸರದಾರ ಶಾಯಿಸ್ತಾಖಾನನಿಗೆ ಎದುರು ನಿಂತ, ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳ. ಬೀದರಿನ ಚರಿತ್ರೆ ಓದಿದ ಕನ್ನಡಿಗನಾದ ನನಗೆ ಮಾತ್ರ ಚಾಕಣದ ಹೆಸರು ಬೇರೆಯದೇ ನೋವು ತರುತ್ತದೆ. 15ನೇ ಶತಮಾನದ ನಡುವೆ ಕೊಂಕಣದಲ್ಲಿ ಸೋತ ಬಹಮನಿ ಸೈನ್ಯದ ಆಫಾಕಿಗಳು, ಅಂದರೆ ಇರಾನ್ ಕಡೆಯಿಂದ ಬಂದ ಪರದೇಶಿಗಳು, ಚಾಕಣ ಸೇರಿದರು. ಅವರು ದಂಗೆ ಏಳುತ್ತಿದ್ದಾರೆಂದು ಸುಲ್ತಾನನ ಕಿವಿ ತುಂಬಿದ ದಖನಿ ಸರದಾರರು ಅವರನ್ನು ಇಲ್ಲೇ ಕೊಂದರು.

ಗೆದ್ದ ನೆಲವನ್ನು ಆಳುವವನು ಪರದೇಶಿಯನ್ನು ಮಗ್ಗುಲಲ್ಲಿ ಕೂರಿಸಿಕೊಳ್ಳುವುದೇಕೆ?

ಮಂಗೋಲರ ಚೀನಾ ಇದಕ್ಕೆ ಸ್ಪಷ್ಟವಾದ ಉದಾಹರಣೆ. ಮೇಲೆ ಮಂಗೋಲರು; ಅವರ ಕೆಳಗೆ ಪಶ್ಚಿಮದಿಂದ ಬಂದ ‘ಸೆಮು’ ಜನ; ಆಮೇಲೆ ಉತ್ತರ ಚೀನಾದವರು; ಕಟ್ಟಕಡೆಗೆ 1279ರಲ್ಲಿ ಪೂರ್ತಿ ಸೋತ ದಕ್ಷಿಣದವರು. ಮೊದಲು ತಲೆಬಾಗಿದವರಿಗೆ ಮೇಲಿನ ಮೆಟ್ಟಿಲು. 1315ರಲ್ಲಿ ಅಧಿಕಾರಿಗಳ ಪರೀಕ್ಷೆ ಮತ್ತೆ ಶುರುವಾದಾಗ ರಾಜಧಾನಿಯ ಹಂತಕ್ಕೆ ನಾಲ್ಕೂ ಗುಂಪಿಗೆ ತಲಾ 75 ಜಾಗ. ಕೇಳಲು ಸಮಾನತೆ; ಆದರೆ ದಕ್ಷಿಣದವರ ಸಂಖ್ಯೆಯ ಮುಂದೆ ಮಂಗೋಲರು ಹಿಡಿಯಷ್ಟು, ಸಾಲದ್ದಕ್ಕೆ ಅವರ ಪ್ರಶ್ನೆಪತ್ರಿಕೆಯೂ ಸುಲಭ.

ದಖ್ಖನಿನಲ್ಲಿ ಲೆಕ್ಕ ತಿರುಗುಮುರುಗು. ದಖನಿಗಳೂ ಉತ್ತರದಿಂದ ಬಂದ ಹಳೆಯ ವಲಸಿಗರ ಸಂತತಿಯೇ, ಆದರೂ ಸುಲ್ತಾನರ ಒಲವು ಹೊಸಬರಾದ ಆಫಾಕಿಗಳ ಮೇಲೆ. ಆದ್ದರಿಂದ ಯಾರು ಮೊದಲು ಬಂದರು ಎಂಬುದಲ್ಲ ಮುಖ್ಯ. ಈ ನೆಲದಲ್ಲಿ ನೆಂಟರಿಲ್ಲದವನಿಗೆ ಸಿಂಹಾಸನ ಬಿಟ್ಟರೆ ಗತಿಯಿಲ್ಲ. ದೊರೆಗೆ ಬೇಕಾದದ್ದು ಆ ಅಸಹಾಯಕತೆ. ಜನರ ಸಿಟ್ಟು ತಿರುಗುವುದೂ ಮೊದಲು ಆ ಪರದೇಶಿಯ ಮೇಲೆಯೇ. ಚೀನಾ ಆಳಿದ ಮಂಗೋಲ ದೊರೆ ಕುಬ್ಲಾಯಿಯ ಹಣಕಾಸು ನೋಡುತ್ತಿದ್ದ ಮಧ್ಯ ಏಷ್ಯಾದ ಅಹ್ಮದನನ್ನು 1282ರಲ್ಲಿ ವಾಂಗ್ ಝೂ ಎಂಬವನು ಕೊಂದ. ಅಹ್ಮದ್ ದುರಾಸೆಯವನೆಂದು ಹೆಸರಾದವನು. ಬೀದರಿನಲ್ಲಿ ಮದರಸಾ ಕಟ್ಟಿಸಿದ, ದಖನಿ, ಆಫಾಕಿ ಎರಡೂ ಪಕ್ಷಗಳನ್ನು ತೂಗಿಸಿಕೊಂಡು ಹೋಗಲು ಹೆಣಗಿದ ಆಫಾಕಿ ಮಂತ್ರಿ ಮಹಮೂದ್ ಗವಾನ್ ಅಂಥವನಲ್ಲ. ಆದರೂ 1481ರಲ್ಲಿ ಒಂದು ಖೋಟಾ ಪತ್ರ ಅವನ ತಲೆ ತೆಗೆಯಿತು. ಒಳ್ಳೆಯವನಾಗಿದ್ದರೂ ಆ ಜಾಗ ಅವನನ್ನು ಕಾಯಲಿಲ್ಲ.

ಈ ಜಗಳದಲ್ಲಿ ಕನ್ನಡ, ಮರಾಠಿ ಆಡುವ ರೈತನ ಹೆಸರೇ ಇಲ್ಲ. ಇಬ್ಬರನ್ನೂ ಸಾಕಿದ ಕಂದಾಯ ಅವನದು. ಮುಂದೆ ಬಿಜಾಪುರದಲ್ಲಿ ಒಂದನೇ ಇಬ್ರಾಹಿಂ ಆದಿಲಶಾಹ ಬಹುಪಾಲು ಆಫಾಕಿಗಳನ್ನು ಕೆಲಸದಿಂದ ತೆಗೆದ. ಲೆಕ್ಕಪತ್ರ ಪರ್ಷಿಯನ್ ಬಿಟ್ಟು ದೇಶಭಾಷೆಗೆ ಬಂತು, ಬರೆಯುವ ಕೆಲಸ ಊರಿನ ಬ್ರಾಹ್ಮಣರ ಕೈಗೆ ಹೋಯಿತು. ಉಳುವವನು ಆಗಲೂ ಆ ಪುಸ್ತಕದಲ್ಲಿ ಬಾಕಿಯ ಕಾಲಮ್ಮಿನಲ್ಲೇ ಇದ್ದ.