ತಂತ್ರಾಂಶ ಬಂದರೂ ಕೈಲೆಕ್ಕ ಬೇಕು

ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯಲ್ಲಿ ಕೈಲೆಕ್ಕಗಳನ್ನು ಕಡಿತಗೊಳಿಸಿ, ಆ ಅವಧಿಯನ್ನು ಉದ್ಯಮ ಕೇಳುವ ಸಿಮ್ಯುಲೇಷನ್ ತಂತ್ರಾಂಶಗಳ ತರಬೇತಿಗೆ ಕೊಡಬೇಕೆಂಬ ವಾದ ಪ್ರಕಟವಾಗಿದೆ. ತಂತ್ರಾಂಶ ಕಲಿಯಬೇಕೆಂಬುದು ಸರಿ. ಅದಕ್ಕಾಗಿ ಸಮೀಕರಣ ಬಿಡಬಹುದೆಂಬುದು ಅಪಾಯಕಾರಿ ತಪ್ಪು.

ಸಣ್ಣ ದುಂಡು ರಂಧ್ರವಿರುವ ಅಗಲವಾದ ಲೋಹದ ಹಾಳೆಯನ್ನು ಎಳೆದಾಗ ರಂಧ್ರದ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತದೆಂದು ಎಂಜಿನಿಯರ್ ಕಿರ್ಷ್ 1898ರಲ್ಲೇ ತೋರಿಸಿದ್ದರು. ಇದನ್ನು ಬಿಡಿಸಿ ಕಲಿತ ವಿದ್ಯಾರ್ಥಿಗೆ, ತಂತ್ರಾಂಶದ ಪರದೆಯ ಮೇಲೆ ಒಂದೂವರೆ ಪಟ್ಟು ಕಂಡರೆ ಮೆಶ್ (ಲೆಕ್ಕಕ್ಕಾಗಿ ವಸ್ತುವನ್ನು ತುಣುಕುಗಳಾಗಿ ವಿಭಜಿಸುವ ಜಾಲ) ಒರಟಾಗಿದೆಯೆಂಬ ಅನುಮಾನ ಬರುತ್ತದೆ. ಚೂಪಾದ ಒಳಮೂಲೆಯಲ್ಲಾದರೆ ಮೆಶ್ ಸಣ್ಣದಾದಷ್ಟೂ ಉತ್ತರ ಏರುತ್ತಲೇ ಹೋಗುತ್ತದೆ. ಅದು ಮಾದರಿಯ ಮಿತಿ, ಲೋಹದ ಗುಣವಲ್ಲ ಎಂಬುದು ಸ್ಥಿತಿಸ್ಥಾಪಕತೆಯ ಪಾಠದಿಂದ ತಿಳಿಯಬೇಕು. ಬಣ್ಣಬಣ್ಣದ ಚಿತ್ರದಿಂದ ತಿಳಿಯದು.

1991ರಲ್ಲಿ ನಾರ್ವೆಯಲ್ಲಿ ಸ್ಲೈಪ್ನರ್ ಎ ಸಮುದ್ರ ವೇದಿಕೆಯ ಕಾಂಕ್ರೀಟ್ ತಳಭಾಗ ಮುಳುಗಿತು. ಅದರ ವಿನ್ಯಾಸಕ್ಕಾಗಿ ಇಂಥ ಮೆಶ್ ಬಳಸಿ ಮಾಡಿದ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ ಶಿಯರ್ ಸ್ಟ್ರೆಸ್ ಅನ್ನು ಸುಮಾರು ಶೇ 47ರಷ್ಟು ಕಡಿಮೆ ತೋರಿಸಿತ್ತು. ವೃತ್ತಿಪರರೇ ಎಡವಿದ ಕಡೆ, ತಾಳೆ ನೋಡಲು ಬಾರದ ಪದವೀಧರರನ್ನು ಕೂರಿಸುವುದು ಉದ್ಯಮಕ್ಕೂ ಹಿತವಲ್ಲ.

ಪರೀಕ್ಷೆಗಾಗಿ ಸೂತ್ರಗಳನ್ನು ಬಾಯಿಪಾಠ ಮಾಡಿಸಲಾಗುತ್ತಿದೆ ಎಂಬ ದೂರು ನಿಜ. ಅದಕ್ಕೆ ಪರಿಹಾರ, ಒಂದೇ ಸಮಸ್ಯೆಯನ್ನು ಕೈಯಲ್ಲೂ ಪರದೆಯಲ್ಲೂ ಬಿಡಿಸಿ, ಪ್ರಯೋಗಾಲಯದಲ್ಲಿ ಅಳೆದು, ವ್ಯತ್ಯಾಸಕ್ಕೆ ಕಾರಣ ಬರೆಸುವುದು.